ಕಾರಿಗೊಂದು ಸೂರು

ಒಂದು ಕೆಟಲ್ ಬಿಸಿನೀರು ಇಷ್ಟು ದೊಡ್ಡ ರಾದ್ಧಾಂತಕ್ಕೆ ಕಾರಣವಾಗುತ್ತದೆಂದು ಕನ್ನಡಕದ ಡಾಕ್ಟರು ಕನಸಿನಲ್ಲೂ ಎಣಿಸಿರಲಿಲ್ಲ. ಹೋದ ಚಳಿಗಾಲದ ಒಂದು ಬೆಳಿಗ್ಗೆ ಅಂಗಳಕ್ಕೆ ಬಂದು ನೋಡಿದರೆ ಅವರ ಕಾರಿನ ಮುಂದಿನ ಗಾಜಿನ ಮೇಲೆ ಬೆರಳುದಪ್ಪ ಮಂಜು ಗಡ್ಡೆ ಕಟ್ಟಿ ಕೂತಿತ್ತು. ಕೆರೆದರು, ಉಜ್ಜಿದರು, ಹತ್ತಿರ ಹೋಗಿ ಬಾಯಿಂದ ಹಬೆ ಊದಿದರು. ಕೊನೆಗೆ ತಾಳ್ಮೆಗೆಟ್ಟು ಅಡುಗೆಮನೆಯಿಂದ ಕೆಟಲ್ ತಂದು ಸುರಿದುಬಿಟ್ಟರು. ಗಾಜು ‘ಟಣ್’ ಎಂದು ಒಂದೇ ಮಾತು ಹೇಳಿ ಈ ಮೂಲೆಯಿಂದ ಆ ಮೂಲೆಗೆ ಸೀಳಿಕೊಂಡಿತು. ಊರವರ ಕಣ್ಣಿಗೆಲ್ಲ ಗಾಜು ಕೂರಿಸುವ ಮನುಷ್ಯ ತನ್ನ ಕಾರಿನ ಗಾಜು ತಾನೇ ಒಡೆದುಕೊಂಡ ಸುದ್ದಿ ಅವರಿಗಿಂತ ಮೊದಲೇ ಪೇಟೆ ತಲುಪಿತ್ತು.

ಮುಂದಿನ ಚಳಿಗಾಲದೊಳಗೆ ಕಾರಿಗೊಂದು ಸೂರು ಮಾಡಿಯೇ ತೀರುತ್ತೇನೆಂದು ಅವರು ಆವತ್ತೇ ಹೆಂಡತಿಯ ಎದುರು ಪಣ ತೊಟ್ಟರು. ಹೆಂಡತಿ ಮೊರದಿಂದ ತಲೆ ಎತ್ತದೆ ‘ಹೂಂ’ ಅಂದಳು.

ಅವರು ನಿಜವಾದ ಡಾಕ್ಟರೇನಲ್ಲ. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟು ಕಣ್ಣು ಪರೀಕ್ಷೆ ಮಾಡುವವರು. ಮೊದಮೊದಲು ಯಾರೋ ಡಾಕ್ಟ್ರೇ ಅಂದಾಗ ಅಲ್ಲ ಅನ್ನಲು ಸಂಕೋಚವಾಗಿ ಸುಮ್ಮನಾದರು, ಹಾಗೇ ಉಳಿದುಹೋಯಿತು. ಅವರ ಬದುಕಿನ ಕಷ್ಟವೆಲ್ಲ ಇದೇ. ‘ಇಲ್ಲ’ ಎಂಬ ಪದ ಅವರ ಗಂಟಲಿನವರೆಗೆ ಬರುತ್ತಿತ್ತು, ಅಲ್ಲಿಂದ ಮುಂದಕ್ಕೆ ದಾರಿ ಸಿಗದೆ ಹಿಂದಿರುಗುತ್ತಿತ್ತು. ದಿನವೆಲ್ಲ ಬೇರೆಯವರ ಮೂಗಿನ ಮೇಲೆ ಗಾಜು ಬದಲಿಸುತ್ತಾ ‘ಈಗ ಚೆನ್ನಾಗಿ ಕಾಣುತ್ತಾ, ಇಲ್ಲ ಮೊದಲಿಂದೇ ಚೆನ್ನಾಗಿತ್ತಾ’ ಎಂದು ಕೇಳಿ ಕೇಳಿ, ತಮ್ಮ ವಿಷಯದಲ್ಲಿ ಯಾವುದನ್ನೂ ಖಡಾಖಂಡಿತವಾಗಿ ಹೇಳುವ ಅಭ್ಯಾಸವೇ ತಪ್ಪಿಹೋಗಿತ್ತು.

ಮನೆ ಪೇಟೆಯಿಂದ ದೂರ, ಹೊಲಗಳ ನಡುವೆ. ಬೇಸಿಗೆ ಎಂಬುದು ನಕ್ಷೆ ಹಾಕುವುದರಲ್ಲಿ ಕಳೆಯಿತು. ಗಾರೆಯವನು ಮನೆಯ ಪಕ್ಕ ಕನ್ನಡಿಯಂಥ ಸಿಮೆಂಟ್ ನೆಲ ಹಾಕಿ, ಕಂಬ ನಿಲ್ಲಿಸಲು ಮೂಲೆಮೂಲೆಗೆ ಕಬ್ಬಿಣದ ಪಟ್ಟಿ ಹೂತು ಹೋದ. ಆಮೇಲೆ ಬಡಗಿಗಾಗಿ ಕಾದರು. ಕಾಯುತ್ತಾ ಕಾಯುತ್ತಾ ಮರದ ಎಲೆಗಳೆಲ್ಲ ಉದುರಿದವು. ಕೊನೆಗೂ ಒಂದು ಭಾನುವಾರ ಬರುತ್ತೇನೆಂದು ಬಡಗಿ ಒಪ್ಪಿದ; ಅದೇ ದಿನ ಬೆಳಿಗ್ಗೆ ಮರಮುಟ್ಟು, ತಗಡು, ಬಾಗಿಲು ಎಲ್ಲವನ್ನೂ ಇಳಿಸುವುದಾಗಿ ಟಿಂಬರ್ ಡಿಪೋದವರು ಮಾತು ಕೊಟ್ಟರು. ಶನಿವಾರದ ರೇಡಿಯೋ, ಭಾನುವಾರ ಸಂಜೆಗೆ ಈ ವರ್ಷದ ಮೊದಲ ಹಿಮ ಬೀಳುತ್ತದೆ ಎಂದಿತು. ಒಂದು ದಿನದ ಕೆಲಸ, ಒಂದು ದಿನದ ಸಮಯ. ಡಾಕ್ಟರು ನೆಮ್ಮದಿಯಾಗಿ ನಿದ್ದೆ ಮಾಡಿದರು.

ಭಾನುವಾರ ಬಡಗಿ ಬಂದ. ಲಾರಿ ಬರಲಿಲ್ಲ.

ಡಿಪೋಗೆ ಫೋನು ಮಾಡಿದರೆ, ಲಾರಿಯ ಆಕ್ಸಲ್ ಮುರಿದಿದೆ, ಇನ್ನು ಹಿಮ ಕರಗಿದ ಮೇಲೆಯೇ ಎಂಬ ಉತ್ತರ ಬಂತು. ಮುಂದಿನ ಭಾನುವಾರ ಬರುತ್ತೀಯಾ ಎಂದು ಬಡಗಿಯನ್ನು ಕೇಳಿದರೆ ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಅದನ್ನೊಮ್ಮೆ ನೋಡಿ, ಮತ್ತೆ ಕಿವಿಗೇ ಸಿಕ್ಕಿಸಿಕೊಂಡು, “ಇನ್ನು ಹೂ ಬಿಡೋ ಕಾಲಕ್ಕೇ ಡಾಕ್ಟ್ರೇ” ಅಂದ. ಡಾಕ್ಟರು ಖಾಲಿ ನೆಲದ ನಡುವೆ, ಬಸ್ಸು ತಪ್ಪಿಸಿಕೊಂಡವರ ಹಾಗೆ ನಿಂತರು.

ಬೇಲಿಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದವರು ದನದ ಯಜಮಾನರು. ಪಕ್ಕದ ಜಮೀನು ಅವರದು. ಹಸುಗಳ ಸಹವಾಸದಿಂದಲೋ ಏನೋ, ಅವರು ಯಾವ ಮಾತನ್ನೂ ಒಂದು ಸಲ ಮೆಲುಕು ಹಾಕದೆ ಆಡುತ್ತಿರಲಿಲ್ಲ. ಹೋದ ವರ್ಷದ ಗಾಳಿಗೆ ಅವರ ಹಳೇ ಕೊಟ್ಟಿಗೆಯ ಮಾಡು ಹಾರಿಹೋಗಿತ್ತು. ಕಂಬಗಳು, ತೊಲೆಗಳು ಮಾತ್ರ ಗಟ್ಟಿಮುಟ್ಟಾಗಿ ನಿಂತಿದ್ದವು. ಅವನ್ನು ಕಿತ್ತು ತಂದು ಇಲ್ಲಿ ನಿಲ್ಲಿಸಿಕೊಳ್ಳಬಹುದಲ್ಲ ಎಂದು ಅವರು ಸೂಚಿಸಿದಾಗ ಡಾಕ್ಟರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಯಜಮಾನರು ಇನ್ನೊಮ್ಮೆ ಮೆಲುಕು ಹಾಕಿ, “ಒಂದು ಮೂಲೇಲಿ ನನ್ನ ಹುಲ್ಲಿನ ಪೆಂಡಿ ಒಂದಿಷ್ಟು ಇಟ್ಕೋತೀನಿ, ನೆನೆದು ಹಾಳಾಗ್ತಿದೆ” ಅಂದರು. ಒಂದು ಮೂಲೆ ತಾನೇ? ಡಾಕ್ಟರು ಆಗಲಿ ಎಂದರು.

ಕಂಬ ಬರುವ ಸದ್ದಿಗೆ ರಸ್ತೆಯಾಚೆಯ ಡ್ರೈವರಣ್ಣ ಬಂದರು. ನಿವೃತ್ತ ಬಸ್ ಡ್ರೈವರು. ನಡೆಯುವಾಗಲೂ ತಿರುವಿನಲ್ಲಿ ಕೈ ತೋರಿಸುವ ಮನುಷ್ಯ. ಕಂಬದ ಮೇಲೆ ಏನು ಹೊದಿಸುತ್ತೀರಿ ಎಂದು ಕೇಳಿ, ತಮ್ಮ ಹಿತ್ತಲಲ್ಲಿ ಬಸ್ ಡಿಪೋದ ಹಳೇ ತಗಡುಗಳು ರಾಶಿ ಬಿದ್ದಿವೆ ಎಂದರು. ಬದಲಿಗೆ ಅವರು ಕೇಳಿದ್ದೂ ಒಂದು ಮೂಲೆಯನ್ನೇ. ತಾವು ಕೊನೆಯದಾಗಿ ಓಡಿಸಿದ ಬಸ್ಸನ್ನು ಗುಜರಿಗೆ ಹಾಕುವಾಗ ಕಣ್ಣೀರು ಹಾಕಿ ಅದರ ಸೀಟುಗಳನ್ನು ಬಿಚ್ಚಿಸಿಕೊಂಡು ಬಂದಿದ್ದರು. ಅವು ಮನೆಯೊಳಗಿರುವವರೆಗೆ ತಾನು ಒಳಗೆ ಕಾಲಿಡುವುದಿಲ್ಲ ಎಂದು ಅವರ ಸೊಸೆ ಹಟ ಹಿಡಿದಿದ್ದಳು. ಒಂದು ಸಂಸಾರದ ಪ್ರಶ್ನೆ. ಡಾಕ್ಟರು ಆಗಲಿ ಎಂದರು.

ಅಷ್ಟರಲ್ಲಿ ಭಾವಮೈದ ತನ್ನ ಕಾರಿನಲ್ಲಿ ಸದ್ದಿಲ್ಲದೆ ಬಂದಿಳಿದ. ಅಕ್ಕನನ್ನು ನೋಡಿ ಹೋಗಲು ಬಂದವನು, ಕೆಲಸ ನಡೆಯುವುದನ್ನು ಕಂಡದ್ದೇ ಕೋಟು ಬಿಚ್ಚಿ ಬೇಲಿಗೆ ನೇತುಹಾಕಿದ. ಸಹಾಯಕ್ಕೆಂದು ಡಾಕ್ಟರು ಸುತ್ತಿಗೆ ನೀಡಿದರೆ ಅದನ್ನು ಬಡಗಿಗೆ ದಾಟಿಸಿ, ತಾನು ಸೊಂಟದ ಮೇಲೆ ಕೈಯಿಟ್ಟು ನಿಂತ. ಮೊಬೈಲಿನಲ್ಲಿ ಗ್ಯಾರೇಜು ಕಟ್ಟುವ ವಿಡಿಯೋಗಳನ್ನು ರಾಶಿ ನೋಡಿದ್ದನಂತೆ. ಮಾಡು ಯಾವ ಕಡೆಗೆ ಇಳಿಜಾರಾಗಬೇಕು, ಬಾಗಿಲು ಯಾವ ಕಡೆ ತೆರೆಯಬೇಕು, ಯಾವ ತಗಡಿನ ಮೇಲೆ ಯಾವ ತಗಡು ಬರಬೇಕು ಎಂದು ಅಪ್ಪಣೆ ಕೊಡತೊಡಗಿದ. ಡಾಕ್ಟರ ಸಂಕಟಕ್ಕೆ, ಬಡಗಿ ಅವನ ಮಾತನ್ನು ಕೇಳಿದ. ಅದಕ್ಕಿಂತ ಸಂಕಟವೆಂದರೆ ಅವನು ಹೇಳಿದ್ದು ಸರಿಯಾಗಿಯೂ ಇತ್ತು.

ಇನ್ನುಳಿದದ್ದು ಬಾಗಿಲು. ಅದು ಜೇನಜ್ಜಿಯ ಹತ್ತಿರ ಇತ್ತು. ತೋಟದ ತುದಿಯ ಮನೆಯಲ್ಲಿ ಜೇನು ಸಾಕಿಕೊಂಡು ಒಬ್ಬಳೇ ಇರುವ ಈ ಅಜ್ಜಿ ಕೈಗಾಡಿ ನೂಕಿಕೊಂಡು ತಾನಾಗಿಯೇ ಬಂದಳು. ತನ್ನ ಹಳೇ ಕಣಜದ ಜೋಡಿ ಬಾಗಿಲು ಕೊಡುತ್ತೇನೆ, ಚಳಿ ಮುಗಿಯುವ ತನಕ ತನ್ನ ಜೇನುಪೆಟ್ಟಿಗೆಗಳಿಗೆ ಬೆಚ್ಚಗಿನ ಮೂಲೆ ಬೇಕು ಎಂದಳು. ಜೇನು ಎಂದ ಕೂಡಲೇ ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು.

“ಕಚ್ಚೋದಿಲ್ವಾ ಅಜ್ಜಿ?”

“ಚಳೀಲಿ ಅವು ಮಲಗಿರ್ತವೆ ಮಗಾ. ನೀನು ಎಬ್ಬಿಸದೆ ಇದ್ರೆ ಆಯ್ತು.”

ಬಾಗಿಲಿಲ್ಲದ ಗ್ಯಾರೇಜು ಗ್ಯಾರೇಜೇ ಅಲ್ಲ ಎಂದು ಭಾವಮೈದ ತೀರ್ಪು ಕೊಟ್ಟ. ಡಾಕ್ಟರು ಅಜ್ಜಿಗೂ ಆಗಲಿ ಎಂದರು.

ಆಮೇಲೆ ಕೆಲಸ ನಡೆದ ವೇಗವನ್ನು ನೋಡಿ ಡಾಕ್ಟರಿಗೇ ದಿಗ್ಭ್ರಮೆಯಾಯಿತು. ಯಜಮಾನರು ಕಂಬ ಹೊತ್ತರು, ಡ್ರೈವರಣ್ಣ ಏಣಿಯ ಮೇಲಿಂದ ‘ರೈಟ್, ರೈಟ್, ಹೋಲ್ಡಾನ್’ ಎನ್ನುತ್ತಾ ತಗಡು ಜೋಡಿಸಿದರು, ಬಡಗಿ ಬೋಲ್ಟು ಬಿಗಿದ, ಅಜ್ಜಿ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ನೀಡಿದಳು. ಡಾಕ್ಟರು ಏಣಿ ಹಿಡಿದುಕೊಂಡರು. ನಡುವೆ ಒಮ್ಮೆ ತಗಡಿನ ಅಂಚು ತಾಗಿ ಅವರ ಕನ್ನಡಕ ಕೆಳಗೆ ಬಿತ್ತು. ಅದನ್ನು ಹುಡುಕಲು ಬಗ್ಗಿದಾಗ ಏಣಿ ಅಲುಗಿ ಡ್ರೈವರಣ್ಣ ಅವರ ಹೆಗಲ ಮೇಲೆಯೇ ಇಳಿದರು. ಊಟದ ಹೊತ್ತಿಗೆಲ್ಲ ಮಾಡು, ಮೂರು ಕಡೆ ತಗಡಿನ ಗೋಡೆ, ಮುಂದೆ ಕರ್ ಎನ್ನದೆ ತೆರೆದುಕೊಳ್ಳುವ ಜೋಡಿ ಬಾಗಿಲು. ಡಾಕ್ಟರು ದೂರ ನಿಂತು ನೋಡಿದರು. ಹತ್ತಿರ ಬಂದು ಕಂಬವನ್ನು ತಟ್ಟಿದರು. ಹೆಂಡತಿಯನ್ನು ಕೂಗಿ ಕರೆದು ತೋರಿಸಿದರು. ಅವಳು ಈ ಸಲ ‘ಪರವಾಗಿಲ್ವೇ’ ಅಂದಳು. ಅವಳ ಬಾಯಿಂದ ಅದು ದೊಡ್ಡ ಬಿರುದು.

ಅವರು ಕೈಕಾಲು ತೊಳೆದು, ನಾಲ್ಕು ತುತ್ತು ಉಂಡು, ಕಾರಿನ ಕೀ ಹಿಡಿದು ಬರುವಷ್ಟರಲ್ಲಿ ಸಾಮಾನು ಬಂದಿತ್ತು.

ಯಜಮಾನರ ‘ಒಂದಿಷ್ಟು’ ಹುಲ್ಲು ಹಿಂದಿನ ಗೋಡೆಯನ್ನು ಪೂರ್ತಿ ಮುಚ್ಚಿ ತಗಡಿಗೆ ತಲೆ ತಾಗಿಸಿಕೊಂಡು ನಿಂತಿತ್ತು. ಡ್ರೈವರಣ್ಣ ಸೀಟುಗಳನ್ನು ಮೂಲೆಯಲ್ಲಿ ಪೇರಿಸಿಡುವ ಬದಲು ಬಸ್ಸಿನಲ್ಲಿದ್ದ ಕ್ರಮದಲ್ಲೇ ಸಾಲಾಗಿ ಹಾಕಿ, ಎಲ್ಲಕ್ಕಿಂತ ಮುಂದಿನ ಒಂಟಿ ಸೀಟಿನಲ್ಲಿ ತಾವು ಕೂತಿದ್ದರು. ಅವರ ಹಿಂದೆ ಯಜಮಾನರು, ಬಡಗಿ, ಭಾವಮೈದ ಕೈಯಲ್ಲಿ ಟೀ ಲೋಟ ಹಿಡಿದು, ಎಲ್ಲೋ ದೂರದ ಊರಿಗೆ ಹೊರಟವರಂತೆ ಕಿಟಕಿಯಿಲ್ಲದ ಕಡೆ ನೋಡುತ್ತಾ ಕೂತಿದ್ದರು. ಜೇನಜ್ಜಿ ಕೊನೆಯ ಪೆಟ್ಟಿಗೆಯನ್ನು ಬಾಗಿಲ ಹತ್ತಿರ ಇಳಿಸುತ್ತಿದ್ದಳು. ಬೆಚ್ಚಗಿನ ಮೂಲೆಗಳೆಲ್ಲ ಹುಲ್ಲಿನ ಪಾಲಾದ್ದರಿಂದ ಅವಳು ನಡುಜಾಗವನ್ನೇ ಹಿಡಿದಿದ್ದಳು.

ಡಾಕ್ಟರು ಬಾಗಿಲಲ್ಲಿ ನಿಂತು, ಕಾರು ಒಳಗೆ ತರಬೇಕಿತ್ತು ಎಂದು ಆದಷ್ಟು ಮೆತ್ತಗೆ ಹೇಳಿದರು. ಯಾರಿಗೂ ಬೇಜಾರಾಗದಿರಲಿ ಎಂದು ‘ಸಾಧ್ಯವಾದರೆ’ ಎಂಬುದನ್ನೂ ಸೇರಿಸಿದರು. ಎಲ್ಲರೂ ಬಹಳ ಗಂಭೀರವಾಗಿ ಯೋಚಿಸಿದರು. ಸೀಟುಗಳನ್ನು ಎಡಕ್ಕೆ ಸರಿಸಿ, ಪೆಟ್ಟಿಗೆಗಳನ್ನು ಬಲಕ್ಕೆ ಒತ್ತಿದರೆ ಒಂದು ಕೈಗಾಡಿಯಷ್ಟು ಜಾಗವಾಗುತ್ತದೆ ಎಂದು ಭಾವಮೈದ ಅಳೆದು ಹೇಳಿದ. ಹಾಗೆ ಒತ್ತುವಾಗ ಬಡಗಿಯ ಕೈ ಜಾರಿ ಒಂದು ಪೆಟ್ಟಿಗೆ ನೆಲಕ್ಕೆ ಕುಕ್ಕಿತು. ಒಳಗೆ ಮಲಗಿದ್ದವರು ಎದ್ದರು. ಬಹಳ ಜನವೇನಲ್ಲ, ಒಬ್ಬನೇ ಹೊರಗೆ ಬಂದದ್ದು. ಅವನು ಬಡಗಿಯನ್ನು ಬಿಟ್ಟು, ಯಜಮಾನರನ್ನು ಬಿಟ್ಟು, ಬಾಗಿಲಲ್ಲಿ ಕೀ ಹಿಡಿದು ನಿಂತಿದ್ದ ಡಾಕ್ಟರ ಕನ್ನಡಕದ ಸಂದಿಯಲ್ಲಿ ನುಗ್ಗಿ ಎಡಗಣ್ಣಿನ ರೆಪ್ಪೆಯ ಮೇಲೆ ಕುಟುಕಿದ.

ಅಜ್ಜಿ ಓಡಿಬಂದಳು. ಡಾಕ್ಟರ ಕಣ್ಣನ್ನಲ್ಲ, ಹುಳುವನ್ನು ನೋಡಿ ‘ಅಯ್ಯೋ ಪಾಪ, ಸತ್ತೇ ಹೋಯ್ತಲ್ಲ’ ಎಂದು ಕಣ್ಣೊರೆಸಿಕೊಂಡಳು. ಡಾಕ್ಟರ ರೆಪ್ಪೆ ಪೂರಿಯಂತೆ ಉಬ್ಬತೊಡಗಿತು. ಒಂದೇ ಕಣ್ಣಿನಲ್ಲಿ ಅವರಿಗೆ ತಮ್ಮ ಗ್ಯಾರೇಜು ಇನ್ನೂ ಇಕ್ಕಟ್ಟಾಗಿ ಕಂಡಿತು.

ಆದರೂ ಅವರು ಕಾರು ಹತ್ತಿ ಸ್ಟಾರ್ಟ್ ಮಾಡಿದರು. ಒಳಗಿನಿಂದ ಎಲ್ಲರೂ ಒಟ್ಟಿಗೆ ಎದ್ದು ಬಂದು ಅಡ್ಡ ನಿಂತರು. ಎಂಜಿನ್ನಿನ ನಡುಕಕ್ಕೆ ಜೇನು ಪೂರ್ತಿ ಎದ್ದುಬಿಡುತ್ತದೆ ಎಂದಳು ಅಜ್ಜಿ. ಹೊಗೆ ಕುಡಿದ ಹುಲ್ಲನ್ನು ಹಸು ಮೂಸಿಯೂ ನೋಡುವುದಿಲ್ಲ ಎಂದರು ಯಜಮಾನರು. ಒಣಹುಲ್ಲಿನ ಪಕ್ಕ ಪೆಟ್ರೋಲ್ ಗಾಡಿ ನಿಲ್ಲಿಸುವುದು ತಮ್ಮ ಇಡೀ ಸರ್ವೀಸಿನಲ್ಲಿ ಕೇಳದ ಮಾತು, ಕಿಡಿ ಹಾರಿದರೆ ಮನೆಯೂ ಉಳಿಯುವುದಿಲ್ಲ ಎಂದರು ಡ್ರೈವರಣ್ಣ. ಒಬ್ಬೊಬ್ಬರ ಮಾತೂ ನ್ಯಾಯವಾಗಿಯೇ ಇತ್ತು. ಡಾಕ್ಟರು ಕಾರಿನಿಂದಿಳಿದರು.

“ಹಾಗಾದ್ರೆ ನನ್ನ ಕಾರು ಎಲ್ಲಿ ಇಡ್ಲಿ?”

ಭಾವಮೈದ ಅವರ ಹೆಗಲ ಮೇಲೆ ಕೈ ಹಾಕಿದ. “ಭಾವ, ನೀವು ಯೋಚನೆ ಮಾಡಿ ನೋಡಿ. ಕಾರು ಅನ್ನೋದು ಇರೋದೇ ಹೊರಗೆ ಓಡಾಡೋಕೆ. ಅದಕ್ಕೆ ಚಳಿ ಗಾಳಿ ಎಲ್ಲ ಅಭ್ಯಾಸ ಇರುತ್ತೆ.”

ಆಗ ಆದದ್ದನ್ನು ಹೆಂಡತಿ ಈಗಲೂ ನೆಂಟರಿಗೆ ಹೇಳುತ್ತಾಳೆ. ಮದುವೆಯಾದ ಮೇಲೆ ಅವಳು ತನ್ನ ಗಂಡನ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಕೇಳಿಯೇ ಇರಲಿಲ್ಲ. ಬೇಲಿಯಾಚೆಯ ಹಸುಗಳು ತಲೆ ಎತ್ತಿ ನೋಡಿದವು. ಗಂಟಲಲ್ಲಿ ಇಷ್ಟು ವರ್ಷ ಸಿಕ್ಕಿಕೊಂಡಿದ್ದ ‘ಇಲ್ಲ’ಗಳೆಲ್ಲ ಒಂದರ ಬೆನ್ನು ಹತ್ತಿ ಒಂದು ಹೊರಬಿದ್ದವು.

“ಇಲ್ಲ. ಆಗಲ್ಲ. ಸಾಕು. ಇದು ನನ್ನ ಜಾಗ, ನನ್ನ ನೆಲ. ನಿಮ್ಮ ನಿಮ್ಮ ವಸ್ತು ಏನೇನಿದೆಯೋ ಎಲ್ಲಾನೂ ತಗೊಂಡು ಹೋಗಿ. ನಾನು ಪೇಟೆಗೆ ಹೋಗಿ ಬರೋದ್ರೊಳಗೆ ಇಲ್ಲಿ ನಿಮ್ಮದು ಅನ್ನೋದು ಒಂದು ಕಡ್ಡಿನೂ ಇರಕೂಡದು.”

ಡಾಕ್ಟರು ಕಾರು ಹತ್ತಿ, ಬಾಗಿಲನ್ನು ದಢಾರನೆ ಹಾಕಿಕೊಂಡು, ಒಂದೇ ಕಣ್ಣಿನಲ್ಲಿ ರಸ್ತೆ ನೋಡುತ್ತಾ ಹೊರಟರು.

ಪೇಟೆಯಲ್ಲಿ ಭಾನುವಾರದ ಬಿಕೋ. ಅವರು ತಮ್ಮ ಅಂಗಡಿಯ ಬಾಗಿಲು ತೆರೆದು, ದೀಪ ಹಾಕಿ, ಗಿರಾಕಿಗಳು ಕೂರುವ ಎತ್ತರದ ಕುರ್ಚಿಯಲ್ಲಿ ಕೂತರು. ಎದುರಿನ ಕನ್ನಡಿಯಲ್ಲಿ ಊದಿಕೊಂಡ ರೆಪ್ಪೆಯ, ಕೆದರಿದ ಕೂದಲಿನ ಒಬ್ಬ ಗಂಡಸು ಕೂತಿದ್ದ. ಡಾಕ್ಟರು ಅವನನ್ನು ತುಂಬಾ ಹೊತ್ತು ನೋಡಿದರು. ಪರವಾಗಿಲ್ಲ ಅನ್ನಿಸಿತು. ‘ಇಲ್ಲ’ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಿ ನೋಡಿದರು. ಚೆನ್ನಾಗಿಯೇ ಬಂತು. ನಾಳೆಯಿಂದ ಯಾರಾದರೂ ಡಾಕ್ಟ್ರೇ ಅಂದರೆ ನಾನು ಡಾಕ್ಟರಲ್ಲ ಎಂದು ಹೇಳಿಬಿಡಬೇಕು ಎಂದುಕೊಂಡರು.

ಕೋಪ ಇಳಿಯುತ್ತಾ ಬಂದಂತೆ ಹಳೇ ಸಂಕೋಚ ಮೆಲ್ಲಗೆ ಹತ್ತತೊಡಗಿತು. ಪಾಪ, ಬೆಳಿಗ್ಗೆಯಿಂದ ದುಡಿದವರು. ಆ ಅಜ್ಜಿ ಈ ವಯಸ್ಸಿನಲ್ಲಿ ಪೆಟ್ಟಿಗೆಗಳನ್ನು ಮತ್ತೆ ನೂಕಿಕೊಂಡು ಹೋಗಬೇಕು. ಡಾಕ್ಟರು ಎದ್ದು, ತೆರೆದಿದ್ದ ಒಂದೇ ಬೇಕರಿಗೆ ಹೋಗಿ ದೊಡ್ಡ ಡಬ್ಬಿ ಬಿಸ್ಕತ್ತು ಕೊಂಡರು. ಮೊದಲು ಕಾರನ್ನು ಗ್ಯಾರೇಜಿನೊಳಗೆ ನಿಲ್ಲಿಸುವುದು, ಆಮೇಲೆ ಮನೆಮನೆಗೂ ಹೋಗಿ ಬಿಸ್ಕತ್ತು ಕೊಟ್ಟು ಸಮಾಧಾನ ಮಾಡುವುದು. ಕಾರಿನ ವಿಷಯದಲ್ಲಿ ಮಾತ್ರ ಒಂದು ಗೇಣೂ ಬಿಟ್ಟುಕೊಡುವುದಿಲ್ಲ.

ಹಿಂದಿರುಗುವಾಗ ಬೆಳಕು ಇಳಿಯುತ್ತಿತ್ತು. ಮೊದಲ ಹಿಮದ ಚೂರುಗಳು, ಯಾರೋ ಮೇಲೆ ಕೂತು ಹತ್ತಿ ಹಿಂಜುತ್ತಿರುವ ಹಾಗೆ, ಒಂದೊಂದಾಗಿ ಇಳಿಯತೊಡಗಿದ್ದವು. ಸರಿಯಾದ ಹೊತ್ತಿಗೇ ಬಂದೆ ಎಂದು ಡಾಕ್ಟರು ಹಿಗ್ಗಿದರು. ಅಂಗಳಕ್ಕೆ ಕಾರು ತಿರುಗಿಸಿ, ಗ್ಯಾರೇಜಿನ ಕಡೆ ಮೂತಿ ಮಾಡಿ, ಬ್ರೇಕ್ ಹಾಕಿದರು.

ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ನೋಡಿದರು. ಊದಿದ ಕಣ್ಣನ್ನು ಕೈಯಿಂದ ಮುಚ್ಚಿ, ಒಳ್ಳೆಯ ಕಣ್ಣಿನಿಂದ ಇನ್ನೊಮ್ಮೆ ನೋಡಿದರು.

ಹುಲ್ಲಿರಲಿಲ್ಲ. ಸೀಟುಗಳಿರಲಿಲ್ಲ. ಜೇನುಪೆಟ್ಟಿಗೆಗಳಿರಲಿಲ್ಲ. ಬಾಗಿಲಿರಲಿಲ್ಲ, ಮಾಡಿರಲಿಲ್ಲ, ಗೋಡೆಯಿರಲಿಲ್ಲ, ಒಂದೇ ಒಂದು ಕಂಬವೂ ಇರಲಿಲ್ಲ. ಸಿಮೆಂಟ್ ನೆಲವನ್ನು ಯಾರೋ ಪೊರಕೆಯಿಂದ ಅಚ್ಚುಕಟ್ಟಾಗಿ ಗುಡಿಸಿಟ್ಟಿದ್ದರು. ಅದರ ಮೇಲೆ ಒಂದು ಕಡ್ಡಿಯೂ ಇರಲಿಲ್ಲ.

ಹೆಂಡತಿ ಶಾಲು ಹೊದ್ದುಕೊಂಡು ಹೊರಗೆ ಬಂದಳು.

“ಏನೇ ಇದು?” ಎಂದರು ಡಾಕ್ಟರು. ದನಿ ಮತ್ತೆ ಹಳೇ ಎತ್ತರಕ್ಕೆ ಇಳಿದಿತ್ತು.

“ನೀವೇ ತಾನೇ ಅಂದಿದ್ದು, ನಿಮ್ಮ ನಿಮ್ಮ ವಸ್ತು ಎಲ್ಲಾ ತಗೊಂಡು ಹೋಗಿ ಅಂತ. ಪಾಪ, ಬೇಜಾರು ಕೂಡ ಮಾಡ್ಕೊಳ್ಳಲಿಲ್ಲ ಅವರು. ಡಾಕ್ಟ್ರು ಮೊದಲನೇ ಸಲ ಒಂದು ಮಾತು ಹೇಳಿದ್ದಾರೆ, ನಡೆಸಿಕೊಡಬೇಕು ಅಂದ್ರು ಯಜಮಾನ್ರು.”

ಎಲ್ಲಿಗೆ ತೆಗೆದುಕೊಂಡು ಹೋದರು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಹೆಂಡತಿ ಬೇಲಿಯ ಕಡೆ ಬೆರಳು ತೋರಿಸಿದಳು. ಅಲ್ಲಿ, ಯಜಮಾನರ ಹಳೇ ಕೊಟ್ಟಿಗೆ ಇದ್ದ ಜಾಗದಲ್ಲಿ, ಡಾಕ್ಟರ ಗ್ಯಾರೇಜು ನಿಂತಿತ್ತು. ಅದೇ ಕಂಬ, ಅದೇ ತಗಡು, ಅದೇ ಇಳಿಜಾರು, ಅದೇ ಜೋಡಿ ಬಾಗಿಲು. ಕಂಬ ಕಿತ್ತ ಗುಂಡಿಗಳು ಹೇಗೂ ಅಲ್ಲೇ ಇದ್ದವು, ಜನರೂ ಸೇರಿದ್ದರು, ಬಡಗಿಗೂ ಸಂಜೆಯವರೆಗೆ ಬೇರೆ ಕೆಲಸವಿರಲಿಲ್ಲ. ಒಮ್ಮೆ ಕಟ್ಟಿ ಕೈ ಪಳಗಿದ್ದರಿಂದ ಎರಡನೆಯ ಸಲ ಇನ್ನೂ ಬೇಗ ಆಯಿತಂತೆ.

ಡಾಕ್ಟರು ಬಿಸ್ಕತ್ತಿನ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡೇ ಬೇಲಿಯವರೆಗೆ ನಡೆದರು. ಎಲ್ಲರೂ ಆದರದಿಂದ ಬರಮಾಡಿಕೊಂಡರು. ಯಜಮಾನರು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಹೋದ ವರ್ಷದಿಂದ ಈ ಕೊಟ್ಟಿಗೆ ಎತ್ತಬೇಕೆಂದಿದ್ದೆ, ಮನುಷ್ಯರು ಸೇರುತ್ತಿರಲಿಲ್ಲ, ನಿಮ್ಮಿಂದ ಆಯಿತು ಎಂದರು. ಅಜ್ಜಿ ಅವರ ರೆಪ್ಪೆಗೆ ಜೇನು ಹಚ್ಚಿದಳು. ಡ್ರೈವರಣ್ಣ ಡಬ್ಬಿ ಇಸಿದುಕೊಂಡು ಸೀಟುಸೀಟಿಗೂ ಬಿಸ್ಕತ್ತು ಹಂಚಿದರು.

ಡಾಕ್ಟರು ಒಳಗೆ ಇಣುಕಿದರು. ಯಜಮಾನರ ನೆಲ ದೊಡ್ಡದು, ಗುಂಡಿಗಳೂ ದೂರದೂರ; ಸಾಲದ ತಗಡು ಡ್ರೈವರಣ್ಣನ ರಾಶಿಯಿಂದ ಬಂದಿತ್ತು. ಹುಲ್ಲು ಒಂದು ಮೂಲೆಯಲ್ಲಿ, ಸೀಟುಗಳು ಒಂದು ಮೂಲೆಯಲ್ಲಿ, ಜೇನು ಇನ್ನೊಂದು ಮೂಲೆಯಲ್ಲಿ. ನಟ್ಟನಡುವೆ, ಸರಿಯಾಗಿ ಒಂದು ಕಾರಿನಷ್ಟು ಜಾಗ ಉಳಿದಿತ್ತು. ಆ ಜಾಗದಲ್ಲಿ ಒಂದು ಕಾರೂ ನಿಂತಿತ್ತು.

ಭಾವಮೈದ ಅದನ್ನು ಹಳದಿ ಬಟ್ಟೆಯಿಂದ ಒರೆಸುತ್ತಿದ್ದ. “ನಂದೇ ಭಾವ. ಬ್ಯಾಟರಿ ಕಾರು ಅಲ್ವಾ, ಹೊಗೆ ಇಲ್ಲ, ಸದ್ದಿಲ್ಲ, ಪೆಟ್ರೋಲ್ ಇಲ್ಲ. ಹುಲ್ಲಿಗೂ ತೊಂದರೆ ಇಲ್ಲ, ಜೇನಿಗೂ ಇಲ್ಲ. ‘ಐಡಿಯಾ ಎಲ್ಲ ನಿಂದೇ ಅಲ್ವಾ, ನಿನ್ನ ಕಾರೇ ಇಡು’ ಅಂತ ಇವರೇ ಬಲವಂತ ಮಾಡಿದ್ರು. ಚಳಿ ಕಳೆಯೋವರೆಗೂ ಅಕ್ಕನ ಮನೇಲೇ ಇದ್ದುಬಿಡ್ತೀನಿ.”

ಡಾಕ್ಟರು ಕಾರಿನ ಹತ್ತಿರ ಹೋಗಿ ಬಗ್ಗಿದರು. ಕೆಳಗೆ ನೋಡಿದರು. ಕಾರಿನ ಪಕ್ಕದಿಂದ ಒಂದು ದಪ್ಪ ಕರಿಯ ವಯರು ಹೊರಟು, ಬಾಗಿಲ ಸಂದಿಯಲ್ಲಿ ತೂರಿ, ಬೇಲಿ ದಾಟಿ, ಗುಡಿಸಿಟ್ಟ ಸಿಮೆಂಟ್ ನೆಲದ ಮೇಲೆ ಹಾದು, ಅವರದೇ ಅಡುಗೆಮನೆಯ ಕಿಟಕಿಯೊಳಗೆ ಹೋಗಿತ್ತು. ಈ ಕೊಟ್ಟಿಗೆಗೆ ಇನ್ನೂ ಕರೆಂಟು ಬಂದಿಲ್ಲ ಎಂದು ಯಜಮಾನರು ಮೆಲುಕು ಹಾಕಿ ವಿವರಿಸಿದರು.

ಅವರು ಹಿಂದಿರುಗಿ ಬರುವಾಗ ಹಿಮ ಜೋರಾಗಿತ್ತು. ಅಂಗಳದಲ್ಲಿ ಅವರ ಕಾರಿನ ಮುಂದಿನ ಗಾಜು ಆಗಲೇ ಬೆಳ್ಳಗಾಗಿತ್ತು. ಬೇಲಿಯಾಚೆಯ ಜೋಡಿ ಬಾಗಿಲಿನ ಸಂದಿಯಿಂದ ಹಳದಿ ಬೆಳಕು ಚೆಲ್ಲುತ್ತಿತ್ತು. ಒಳಗೆ ಯಾರೋ ನಗುತ್ತಿದ್ದರು. ಬೆನ್ನ ಹಿಂದಿನಿಂದ ಭಾವಮೈದನ ದನಿ ಕೇಳಿಸಿತು.

“ಭಾವ, ಹೋಗ್ತಾ ಆ ವಯರು ತುಳಿದುಬಿಟ್ಟೀರಿ. ಕತ್ತಲೆ, ಸ್ವಲ್ಪ ಕಣ್ಣು ಬಿಟ್ಟು ನಡೀರಿ.”